ಬೇಸಿಗೆಯಲ್ಲಿ ಅಳೆದ ಹಸಿರು

ಚೆನ್ನೈನ ತಾಂಬರಂ ಲೋಕಲ್ ಟ್ರೇನಿನ ಹೆಂಗಸರ ಡಬ್ಬಿಯಲ್ಲಿ ಜಲಜಾ ಅವರನ್ನು ಮೊದಲ ಸಲ ಕಂಡವರು ಅವರ ಕೈಯಲ್ಲಿದ್ದ ಸರಳನ್ನು ನೋಡಿ ಒಂದಿಷ್ಟು ದೂರ ಸರಿದು ಕೂರುತ್ತಿದ್ದರು. ಸೊಂಟದೆತ್ತರದ, ಕೊಡೆಯ ಕಡ್ಡಿಯಷ್ಟು ತೆಳ್ಳಗಿನ, ತುದಿ ಚೂಪಾದ ಕಬ್ಬಿಣದ ಸರಳು. ಮಲ್ಲಿಗೆ ಕಟ್ಟುತ್ತ ಕೂತಿದ್ದ ಒಬ್ಬಾಕೆ ಒಮ್ಮೆ ಧೈರ್ಯ ಮಾಡಿ ತಮಿಳಿನಲ್ಲಿ ಕೇಳಿಯೂ ಕೇಳಿದ್ದಳು, "ಎನ್ನಕ್ಕಾ, ಪಾಂಬು ಪಿಡಿಕ್ಕವಾ?" ಹಾವು ಹಿಡಿಯುವುದಕ್ಕಲ್ಲ, ಗಿಡ ಅಳೆಯುವುದಕ್ಕೆ ಎಂದರು ಜಲಜಾ. ಡಬ್ಬಿಗೆ ಡಬ್ಬಿಯೇ ನಕ್ಕಿತು. ಜಲಜಾ ಕೂಡ ನಕ್ಕರು. ಅದನ್ನು ಬಿಡಿಸಿ ಹೇಳುವಷ್ಟರಲ್ಲಿ ಅವರು ಇಳಿಯುವ ನಿಲ್ದಾಣ ಬಂದುಬಿಟ್ಟಿತು.

ಜಲಜಾ ಕೊಳ್ಳೇಗಾಲದವರು. ಮೈಸೂರಿನಲ್ಲಿ ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ, ಮದುವೆಯಾಗಿ, ವಿಮಾ ಕಂಪನಿಯಲ್ಲಿದ್ದ ಗಂಡ ಸುರೇಶ್ ಜೊತೆ ಚೆನ್ನೈಗೆ ಬಂದರು. ಎರಡು ವರ್ಷದ ವರ್ಗಾವಣೆ ಎಂದುಕೊಂಡು ಬಂದವರು ಅಲ್ಲೇ ಬೇರು ಬಿಟ್ಟರು. ಮಗಳು ಶ್ರೀಯಾ ತಾಂಬರಂನ ಶಾಲೆಯಲ್ಲಿ ತಮಿಳು ಕಲಿತಳು, ಅಮ್ಮ ಕನ್ನಡದಲ್ಲಿ ಕೇಳಿದ್ದಕ್ಕೆ ತಮಿಳಿನಲ್ಲಿ ಉತ್ತರ ಕೊಡುವುದನ್ನೂ ಕಲಿತಳು. ಒಂದು ದಿನ ಅವಳ ಶಾಲೆಯ ಕೆಲಸಕ್ಕೆಂದು ಸುತ್ತಮುತ್ತಲ ಎಲೆಗಳನ್ನು ಅಂಟಿಸಿ ಹೆಸರು ಬರೆಯಬೇಕಾಯಿತು. ಜಲಜಾ ಸೆರಗು ಸಿಕ್ಕಿಸಿಕೊಂಡು ಹುರುಪಿನಿಂದ ಕೂತರು. ಅರ್ಧಕ್ಕರ್ಧ ಎಲೆಗಳ ಹೆಸರು ನೆನಪಿಗೇ ಬರಲಿಲ್ಲ. ಜಲಜಾಗೆ ಅವತ್ತು ಊಟ ರುಚಿಸಲಿಲ್ಲ.

ಮಾರನೆಯ ವಾರವೇ ಹತ್ತಿರದ ಕಾಲೇಜೊಂದಕ್ಕೆ ಹೋಗಿ, ಒಣಗಿಸಿದ ಸಸ್ಯಗಳನ್ನಿಟ್ಟ ಕೋಣೆಯಲ್ಲಿ ಕೂರಲು ಅಪ್ಪಣೆ ಕೇಳಿದರು. ಮಧ್ಯಾಹ್ನಗಳನ್ನೆಲ್ಲ ಅಲ್ಲೇ ಕಳೆದರು. ಚೆನ್ನೈ ಸುತ್ತಲಿನ ಕುರುಚಲು ಕಾಡಿನ ಗಿಡಗಳನ್ನು ಒಂದೊಂದಾಗಿ, ತಮಿಳು ಹೆಸರಿನಲ್ಲಿ, ಕನ್ನಡ ಹೆಸರಿನಲ್ಲಿ, ಲ್ಯಾಟಿನ್ ಹೆಸರಿನಲ್ಲಿ ಗುರುತು ಹಿಡಿದರು. ನಮ್ಮ ತಂಗಡಿ ಇಲ್ಲಿ ಆವಾರಂ. ನಮ್ಮ ತುಂಬೆ ಇಲ್ಲೂ ತುಂಬೆಯೇ. ಮೂರು ವರ್ಷವಾಗುವ ಹೊತ್ತಿಗೆ ಕಾಲೇಜಿನವರೇ ಗಿಡ ತಂದು ಇವರ ಮುಂದೆ ಹಿಡಿಯುವಂತಾಯಿತು. ಪರಿಸರ ಸಮೀಕ್ಷೆಯ ಸಣ್ಣ ಸಂಸ್ಥೆ ನಡೆಸುತ್ತಿದ್ದ ತುಮಕೂರಿನ ಗಂಗಾಧರ ಎಂಬವರು ಇದನ್ನು ಕೇಳಿ ಕರೆದು ಕೆಲಸ ಕೊಟ್ಟರು. ಆಗ ಜಲಜಾಗೆ ನಲವತ್ತೈದು.

ಕೆಲಸವೇನೆಂದರೆ ಅಳತೆ. ಗಣಿ, ಕಲ್ಲುಕ್ವಾರಿ ಅಗೆದು ಬಿಟ್ಟ ಜಾಗವನ್ನು ಅಗೆದವರೇ ಮತ್ತೆ ಹಸಿರು ಮಾಡಿಕೊಡಬೇಕು. ಮಾಡಿದ್ದಾರೋ ಇಲ್ಲವೋ ಎಂದು ಹೊರಗಿನವರು ಹೋಗಿ ನೋಡಿ ಹೇಳಬೇಕು. ನೆಲದ ಮೇಲೆ ಉದ್ದಕ್ಕೂ ಟೇಪು ಹಾಸಿ, ಅಡಿಗೊಂದು ಕಡೆ ಸರಳನ್ನು ನೆಟ್ಟಗೆ ಇಳಿಬಿಡುವುದು. ತುದಿಗೆ ಏನು ತಗಲಿತು? ಈ ನೆಲದ ಗಿಡವೋ, ಹೊರಗಿನಿಂದ ಬಂದು ನೆಲೆಯೂರಿದ ಗಿಡವೋ, ಒಣ ತರಗೋ, ಬರೀ ಕಲ್ಲೋ? ಹೀಗೆ ನೂರಾರು ಸಲ ಸರಳು ಇಳಿಸಿದರೆ ಆ ಜಾಗದಲ್ಲಿ ನೂರಕ್ಕೆ ಎಷ್ಟು ಪಾಲನ್ನು ನಾಡಗಿಡಗಳು ಹೊದ್ದಿವೆ ಎಂದು ತಿಳಿಯುತ್ತದೆ. ಬಗ್ಗಿ ಬಗ್ಗಿ ಸೊಂಟ ಹಿಡಿದುಕೊಳ್ಳುವ ಕೆಲಸ. ಜಲಜಾಗೆ ಅದು ಪ್ರಾಣ.

ಅವರ ಕೈಕೆಳಗೆ ಕೆಲಸ ಕಲಿಯಲು ಬಂದವಳು ಮೌನ. ಪುರಸೈವಾಕ್ಕಂನ ಹುಡುಗಿ, ತಂದೆ ಬ್ಯಾಂಕಿನಲ್ಲಿ. ಮನೆಮಾತು ಕನ್ನಡವೇ ಆದರೂ ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಹೆಸರಿಗೂ ಅವಳಿಗೂ ಸಂಬಂಧವೇ ಇರಲಿಲ್ಲ, ಬಾಯಿ ತೆರೆದರೆ ಮುಚ್ಚುತ್ತಿರಲಿಲ್ಲ. ಮೊದಲ ದಿನವೇ ಜಗಳ ತೆಗೆದಳು.

"ಹುಣಸೆ ನಮ್ದು ಇಲ್ಲೆಯಾ ಮೇಡಂ? ಎನ್ನ ಮೇಡಂ ನೀವು, ದಿನಾ ರಸಂಗೆ ಹಾಕ್ತೀವಲ್ಲ!"

"ಊಟಕ್ಕೆ ನಮ್ದೇ ಕಣಮ್ಮ. ಲೆಕ್ಕಕ್ಕೆ ಆಫ್ರಿಕಾದ್ದು. ನಾಲಿಗೆ ಹೇಳಿದ್ದನ್ನ ಬರೀಬೇಡ, ಸರಳಿಗೆ ತಗಲಿದ್ದನ್ನ ಬರಿ."

ಎಲೆ ಉದುರಿಸಿ ನಿಂತ ಗಿಡ ಸತ್ತಿದೆಯೋ ಬದುಕಿದೆಯೋ ಎಂದು ಉಗುರಿನಿಂದ ತೊಗಟೆ ಕೆರೆದು ನೋಡುವುದನ್ನು ಜಲಜಾ ಅವಳಿಗೆ ಕಲಿಸಿದರು. ಟೇಪು ಎಲ್ಲಿಂದ ಶುರುವಾಗಬೇಕು ಎಂಬುದನ್ನು ಕಣ್ಣು ಆರಿಸಬಾರದು, ಚೀಟಿ ಎತ್ತಿ ತೀರ್ಮಾನಿಸಬೇಕು ಎಂದು ಕಲಿಸಿದರು. ನೀರು ಹೊಯ್ದು ಬೆಳೆಸಿದ್ದು ಲೆಕ್ಕಕ್ಕಿಲ್ಲ, ಮನುಷ್ಯ ಕೈಬಿಟ್ಟ ಮೇಲೂ ಉಳಿದದ್ದೇ ಲೆಕ್ಕ ಎಂದೂ ಕಲಿಸಿದರು.

ಅವರಿಬ್ಬರೂ ಕೂಡಿ ಅಳೆದ ಜಾಗಗಳಲ್ಲಿ ಒಂದು, ತಾಂಬರಂನಿಂದ ಪಶ್ಚಿಮಕ್ಕೆ ಬಸ್ಸಿನಲ್ಲಿ ಅರ್ಧ ಗಂಟೆಯ ಹಾದಿಯಲ್ಲಿದ್ದ ಜಲ್ಲಿಕಲ್ಲಿನ ಕ್ವಾರಿ. ಕಲ್ಲು ಮುಗಿದು ಮುಚ್ಚಿದ್ದ ಕ್ವಾರಿ ಅದು. ನಡುವೆ ಹಸಿರು ನೀರು ನಿಂತ ಆಳದ ಹೊಂಡ, ಸುತ್ತ ಇಳಿಜಾರಿನಲ್ಲಿ ಕಲ್ಲುಪುಡಿಯ ದಿಬ್ಬಗಳು, ಅದರಾಚೆ ಯಾರೂ ಮುಟ್ಟದೆ ಉಳಿದ ಒಂದು ಕುರುಚಲು ಗುಡ್ಡ. ಆ ಗುಡ್ಡದಲ್ಲಿರುವ ನಾಡಗಿಡದ ಹೊದಿಕೆಯ ಅರ್ಧದಷ್ಟಾದರೂ ಕ್ವಾರಿಯ ಜಾಗದಲ್ಲಿ ಬರಬೇಕು, ಆಗ ಮಾತ್ರ ಜಾಗ ಸರಿಹೋಯಿತೆಂದು ಒಪ್ಪುತ್ತೇವೆ ಎಂಬುದು ಸರಕಾರದ ಷರತ್ತು.

ಕ್ವಾರಿಯ ಮ್ಯಾನೇಜರ್ ರಾಘವೇಂದ್ರ ಸಂಡೂರಿನವರು, ಅದಿರು ಗಣಿಗಳಲ್ಲಿ ಪಳಗಿದ ಎಂಜಿನಿಯರ್. ಕನ್ನಡದವರು ಅಳತೆಗೆ ಬಂದಿದ್ದಾರೆಂದು ಅವರಿಗೆ ಹಬ್ಬ. ಮೇ ತಿಂಗಳ ಉರಿಬಿಸಿಲು, ತಮಿಳರ ಕತ್ತಿರಿ. ಟೋಪಿ ತೆಗೆದು ಕೈಬೀಸಿ ತೋರಿಸಿದರು.

"ನೋಡ್ರೀ ಮೇಡಂ, ಆ ಗುಡ್ಡಾನ ಒಣಗಿ ಕಂದು ಆಗೇತಿ. ನನ್ನ ಕ್ವಾರಿ ನೋಡ್ರಿ, ಹೆಂಗ ಹಸರ ಐತಿ! ಇನ್ನೇನು ಅಳೀತೀರಿ?"

ನಿಜವೇ. ದಿಬ್ಬಗಳ ತುಂಬ ಎದೆಯೆತ್ತರದ ಹಸಿರು. ಜಲಜಾ ಹತ್ತಿರ ಹೋಗಿ ಒಂದು ಕೊಂಬೆ ಬಗ್ಗಿಸಿ ಮುಳ್ಳು ನೋಡಿದರು. ಎಲ್ಲ ಬಳ್ಳಾರಿ ಜಾಲಿ, ಹೆಸರಿಗಷ್ಟೇ ಬಳ್ಳಾರಿಯದು, ಬಂದದ್ದು ಅಮೆರಿಕದಿಂದ. ಅದರ ಸಂದಿಯಲ್ಲಿ ಲಂಟಾನ, ಅದರ ಬುಡದಲ್ಲಿ ಪಾರ್ಥೇನಿಯಂ. ಹಗಲಿಡೀ ಸರಳು ಇಳಿಸಿದರು. ಹಸಿರು ನೂರಕ್ಕೆ ಎಪ್ಪತ್ತು ಬಂತು. ಅದರಲ್ಲಿ ಈ ನೆಲದ್ದು ಬರೀ ಹನ್ನೊಂದು. ಒಣಗಿ ಕಂದಾಗಿದ್ದ ಗುಡ್ಡದಲ್ಲಿ ತೊಗಟೆ ಕೆರೆದು ಕೆರೆದು ಅಳೆದದ್ದು ಅರವತ್ತನಾಲ್ಕು.

ರಾಘವೇಂದ್ರರ ಮುಖ ಇಳಿದುಹೋಯಿತು. "ಹಸರು ಅಂದ್ರ ಹಸರ ಅಲ್ಲೇನ್ರೀ? ಜಾಲಿ ಏನು ಗಿಡಾ ಅಲ್ಲಾ?"

"ಗಿಡಾನೇ ಸಾರ್. ಆದ್ರೆ ಅದರ ಕೆಳಗೆ ಬಗ್ಗಿ ನೋಡಿ. ಹುಲ್ಲಿಲ್ಲ, ಇರುವೆಗೂಡಿಲ್ಲ, ಒಂದು ಹಕ್ಕಿ ಪುಕ್ಕ ಕೂಡ ಇಲ್ಲ. ಅದು ಬೆಳೆದ ಕಡೆ ಅದೊಂದೇ."

ಅವರು ಬಗ್ಗಿ ನೋಡಿದರು. ಎದ್ದು ಟೋಪಿ ಹಾಕಿಕೊಂಡರು.

ಆಫೀಸಿನಲ್ಲಿ ಗಂಗಾಧರ ಕೂಡ ಒಂದು ಮಾತು ಕೇಳಿ ನೋಡಿದರು. "ಜಲಜಾ ಅವ್ರೇ, 'ಸಸ್ಯಗಳ ಹೊದಿಕೆ ಎಪ್ಪತ್ತು' ಅಂತ ಬರೆದ್ರೆ ಸುಳ್ಳೇನೂ ಆಗಲ್ವಲ್ಲ?"

"ಸುಳ್ಳಾಗಲ್ಲ ಸಾರ್. ಅವರು ಕೇಳಿರೋ ಪ್ರಶ್ನೆಗೆ ಉತ್ತರಾನೂ ಆಗಲ್ಲ."

ಗಂಗಾಧರ ಕನ್ನಡಕ ಒರೆಸಿಕೊಂಡು, ಹನ್ನೊಂದು ಎಂಬುದನ್ನು ಹಾಗೆಯೇ ಕಳಿಸಿದರು. ಕ್ವಾರಿಯವರಿಗೆ ಒಪ್ಪಿಗೆ ಸಿಗಲಿಲ್ಲ.

ಆಮೇಲೆ ನಡೆದದ್ದನ್ನು ಜಲಜಾ ನಿರೀಕ್ಷಿಸಿಯೇ ಇರಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ರಾಘವೇಂದ್ರ ವಿಳಾಸ ಹುಡುಕಿಕೊಂಡು ತಾಂಬರಂನ ಮನೆಗೇ ಬಂದರು. ಸುರೇಶ್ ಕಾಫಿ ಕೊಟ್ಟರು. ಲೋಟ ಕೈಯಲ್ಲೇ ಇಟ್ಟುಕೊಂಡು ಅವರು ಸುತ್ತುಬಳಸದೆ ಹೇಳಿದರು.

"ಮೇಡಂ, ನಾನು ಗುಡ್ಡ ಕಡ್ಯಾಕ ಓದಿದಾವ. ಹಸರು ಹಚ್ಚೂದು ಅಂದ್ರ ಬೀಜ ಚೆಲ್ಲೂದು ಅಂತ ತಿಳ್ಕೊಂಡಿದ್ದೆ. ನೀವು ಇಲ್ಲ ಅಂದಿದ್ದನ್ನ ನೀವ ಬೆಳ್ಸಿ ತೋರ್ಸ್ರಿ. ಕಂಪನಿಗೆ ನಾನು ಒಪ್ಪಿಸೇನಿ."

ಜಲಜಾ ಎರಡು ದಿನ ಯೋಚಿಸಿದರು. ಅಳೆಯುವವರೇ ಬೆಳೆಸುವುದು ಸಲ್ಲದು. ಒಂದನ್ನು ಹಿಡಿದರೆ ಇನ್ನೊಂದನ್ನು ಬಿಡಬೇಕು. ಗಂಗಾಧರರಲ್ಲಿ ಹೋಗಿ ಕೆಲಸ ಬಿಟ್ಟರು. ಸರಳನ್ನು ಮೌನಳ ಕೈಗೆ ಕೊಟ್ಟರು. ಮೌನ ಅವತ್ತು ಮಾತ್ರ ಹೆಸರಿಗೆ ತಕ್ಕಂತೆ ನಿಂತಿದ್ದಳು.

ಮೊದಲ ವರ್ಷ ಜಾಲಿಯನ್ನು ಬುಡಸಮೇತ ಕಿತ್ತರು. ಬುಡ ಒಂದು ಗೇಣು ಉಳಿದರೂ ಮತ್ತೆ ಚಿಗುರುವ ಗಿಡ ಅದು. ಹತ್ತಿರದ ಹಳ್ಳಿಯ ಹೆಂಗಸರು ಗುದ್ದಲಿ ಹಿಡಿದು ಬಂದರು. ರಸ್ತೆ ಅಗಲ ಮಾಡಲು ಅಗೆದು ಬಿಸಾಡುತ್ತಿದ್ದ ಕುರುಚಲು ಕಾಡಿನ ಮೇಲ್ಮಣ್ಣನ್ನು ಲಾರಿಯಲ್ಲಿ ತರಿಸಿ ಕಲ್ಲುಪುಡಿಯ ಮೇಲೆ ಹರಡಿದರು. ಅರಣ್ಯ ಇಲಾಖೆಯ ಅನುಮತಿ ಪಡೆದು, ಪಕ್ಕದ ಗುಡ್ಡದಿಂದ ತಂಗಡಿ, ಬಂದರಿಕೆ, ತುಂಬೆ, ವಿಷ್ಣುಕ್ರಾಂತಿ, ಹತ್ತಾರು ಬಗೆಯ ಹುಲ್ಲಿನ ಬೀಜ ಆರಿಸಿ ತಂದರು. ತಾಂಬರಂನ ಮನೆಯ ತಾರಸಿ ಮೇಲೆ ಅಕ್ಕಪಕ್ಕದವರ ಸಂಡಿಗೆಯ ಸಾಲಿನಲ್ಲೇ ಇವರ ಬೀಜವೂ ಒಣಗುತ್ತಿತ್ತು. ನಿವೃತ್ತರಾಗಿದ್ದ ಸುರೇಶ್ ತಲೆಗೆ ಟವೆಲ್ ಸುತ್ತಿಕೊಂಡು ಕೂತು ಜರಡಿ ಹಿಡಿಯುತ್ತಿದ್ದರು. ಬಂದು ಹೋದವರಿಗೆಲ್ಲ "ಇದು ನಮ್ಮ ಮನೆಯೋರ ಕಾಡು" ಎಂದು ಮುಷ್ಟಿ ತೆರೆದು ತೋರಿಸುತ್ತಿದ್ದರು.

ಮೊದಲ ಮಳೆಗೆ ನೆಲವೆಲ್ಲ ಎಳೆ ಹಸಿರು ಬಿಟ್ಟಿತು. ನವೆಂಬರಿನಲ್ಲಿ ಚಂಡಮಾರುತ ಬಂತು. ಮೂರು ಹಗಲು ಮಳೆ. ರಸ್ತೆ ತೆರೆದ ಕೂಡಲೇ ಜಲಜಾ ಓಡಿ ಬಂದು ನೋಡಿದರೆ ಇಳಿಜಾರು ಮತ್ತೆ ಬೆತ್ತಲೆ. ತಂದು ಹರಡಿದ ಮಣ್ಣೆಲ್ಲ ಕೆಂಪು ನೀರಾಗಿ ಹೊಂಡದಲ್ಲಿ ನಿಂತಿತ್ತು. ರಾಘವೇಂದ್ರ ಛತ್ರಿ ಮಡಚಿ ಕಲ್ಲಿನ ಮೇಲೆ ಕೂತುಬಿಟ್ಟರು. "ಮುಗೀತ್ರೀ ಮೇಡಂ. ಎಲ್ಲಾ ಕೆರೀ ಸೇರ್ತು."

ಜಲಜಾಗೆ ಕಣ್ಣು ತುಂಬಿತ್ತು. ಆದರೆ ಅಳೆದು ಅಳೆದು ಪಳಗಿದ ಕಣ್ಣು ಸುಮ್ಮನೆ ಇರುವುದಿಲ್ಲ. ಸೀರೆ ಎತ್ತಿ ಕಟ್ಟಿ ಕೆಸರಿನಲ್ಲೇ ಇಳಿದು ನಡೆದರು. ಎಲ್ಲವೂ ಹೋಗಿರಲಿಲ್ಲ. ಎಲ್ಲೆಲ್ಲಿ ದಪ್ಪ ಕಲ್ಲುಗಳು ತಮ್ಮಷ್ಟಕ್ಕೆ ಸಾಲಾಗಿ ಬಿದ್ದಿದ್ದವೋ, ಅದರ ಬೆನ್ನಿಗೆ ಅಂಗೈಯಗಲ ಮಣ್ಣು ಉಳಿದಿತ್ತು, ಮಣ್ಣಿನಲ್ಲಿ ಹುಲ್ಲೂ ಉಳಿದಿತ್ತು. ಅಲ್ಲಿಂದಲೇ ಕೂಗಿದರು.

"ಸಾರ್, ಇಲ್ಲಿ ಬನ್ನಿ! ಕಲ್ಲು ಅಡ್ಡ ಇರೋ ಕಡೆ ನಿಂತಿದೆ. ಇಳಿಜಾರಿಗೆ ಅಡ್ಡಡ್ಡ ಕಲ್ಲಿನ ಸಾಲು ಹಾಕಿಸಿ. ಕಲ್ಲಿಗೇನು ಬರಗಾಲವೇ ನಿಮಗೆ?"

ರಾಘವೇಂದ್ರ ಎದ್ದು ಬಂದರು. ಬಂದು ನೋಡಿದವರು ಷರಟಿನ ತೋಳು ಮಡಚಿ ಮೊದಲ ಕಲ್ಲನ್ನು ತಾವೇ ಉರುಳಿಸಿದರು. ಮುಂದಿನ ಬೇಸಿಗೆಯ ಹೊತ್ತಿಗೆ ಇಡೀ ಇಳಿಜಾರಿಗೆ ಮೆಟ್ಟಿಲಿನಂತೆ ಮೊಳಕಾಲೆತ್ತರದ ಕಲ್ಲುಸಾಲುಗಳು ಎದ್ದವು. ಮತ್ತೆ ಮಣ್ಣು, ಮತ್ತೆ ಬೀಜ. ಈ ಸಲದ ಮಳೆಗೆ ಮಣ್ಣು ನಿಂತಿತು. ಹುಲ್ಲು ಮೊದಲು ಬಂತು, ಹುಲ್ಲಿನ ನೆರಳಿನಲ್ಲಿ ತಂಗಡಿ ಬಂತು. ಹೊಸದಾಗಿ ಮೂತಿ ತೋರಿಸುತ್ತಿದ್ದ ಜಾಲಿಯನ್ನು ಹೆಂಗಸರು ವಾರಕ್ಕೊಮ್ಮೆ ಬಂದು ಕೀಳುತ್ತಿದ್ದರು. ಹೀಗೆ ವರ್ಷಗಳು ಉರುಳಿ, ಕಳೆದ ವರ್ಷ ಕ್ವಾರಿಯವರು ಮತ್ತೆ ಅಳತೆಗೆ ಅರ್ಜಿ ಹಾಕಿದರು.

ಅಳೆಯಲು ಬರುವವಳು ಮೌನ ಎಂದು ತಿಳಿದಾಗ ರಾಘವೇಂದ್ರ ಸಿಹಿ ತರಿಸಿದರು. ಅವಳು ಈಗ ಗಂಗಾಧರರ ಸಂಸ್ಥೆಯಲ್ಲಿ ಅಳತೆಯ ತಂಡಕ್ಕೇ ಮುಖ್ಯಸ್ಥೆ.

"ನಿಮ್ಮ ಶಿಷ್ಯೆ ಅಲ್ಲೇನ್ರೀ ಮೇಡಂ! ಇನ್ನ ನಮ್ಮ ಕೆಲಸ ಆದಂಗ."

"ಬೇರೆ ಯಾರಾದ್ರೂ ಬರ್ತಾರೆ ಅಂದಿದ್ರೆ ಇಷ್ಟು ಹೆದರ್ತಿರಲಿಲ್ಲ ಸಾರ್," ಎಂದರು ಜಲಜಾ.

ಮಳೆ ಮುಗಿದ ಜನವರಿಯಲ್ಲಿ ಅಳೆದರೆ ಎಲ್ಲವೂ ಸೊಂಪಾಗಿರುತ್ತದೆ, ಆಗಲೇ ಬರಲಿ ಎಂದು ರಾಘವೇಂದ್ರರ ಆಸೆ. ನಿಯಮದಲ್ಲಿ ತಿಂಗಳು ಹೇಳಿರಲಿಲ್ಲ. ಮೌನ ಫೋನ್ ಮಾಡಿ ಮೇ ಎಂದಳು. "ವೆಯಿಲ್‌ನಲ್ಲಿ, ಬಿಸಿಲಲ್ಲಿ ನಿಂತಿದ್ರೆ ತಾನೇ ಮೇಡಂ ನಿಜ?" ಎಂದಳು. ಜಲಜಾ ಹೂಂ ಎಂದಷ್ಟೇ ಹೇಳಿ ಫೋನಿಟ್ಟರು. ಆದರೆ ಅಡುಗೆಮನೆಗೆ ಹೋಗಿ ಸುರೇಶ್ ಮುಂದೆ ಆ ಮಾತನ್ನು ಎರಡು ಸಲ ಹೇಳಿದರು.

ಆ ಬೆಳಿಗ್ಗೆ ಮೌನ ಜೀಪಿನಿಂದ ಇಳಿದು ಕೈಮುಗಿದಳು. ತಿಂಡಿ ಬೇಡವೆಂದಳು. ಸಿಹಿಯನ್ನೂ ಮುಟ್ಟಲಿಲ್ಲ.

"ಮೇಡಂ, ತಪ್ಪಾಗಿ ಎಣ್ಣಿಕೋಬೇಡಿ. ನೀವು ನನ್ನ ಕೂಡ ನಡೀಬಾರದು. ಆ ಬೇವಿನ ಮರದ ಕೆಳಗೆ ಕೂತ್ಕೊಳ್ಳಿ, ಸೆರಿಯಾ?"

"ಸರಿ ಕಣಮ್ಮ," ಎಂದು ಜಲಜಾ ಹೋಗಿ ಬೇವಿನ ಕೆಳಗೆ ಕೂತರು. ರಾಘವೇಂದ್ರ ಪಕ್ಕದಲ್ಲಿ ನಿಂತು ಬೆವರೊರೆಸಿಕೊಳ್ಳುತ್ತಿದ್ದರು.

ಮೌನ ಚೀಟಿ ಎತ್ತಿದಳು. ಟೇಪು ಹಾಸಿದಳು. ಇಡೀ ಇಳಿಜಾರಿನಲ್ಲಿ ಜಲಜಾ ಅವರ ಕಣ್ಮಣಿಯಂತಿದ್ದ ಬಂದರಿಕೆಯ ಒಂದು ದಟ್ಟ ಪೊದೆ ಇತ್ತು. ಟೇಪು ಅದರ ಪಕ್ಕದಲ್ಲೇ, ಒಂದು ಮಾರು ದೂರದಲ್ಲಿ, ಬರೀ ಕಲ್ಲಿನ ಮೇಲೆ ಹಾದುಹೋಯಿತು. ರಾಘವೇಂದ್ರ ಚಡಪಡಿಸಿದರು. "ಮೇಡಂ, ಒಂದ ಮಾರು ಈಚೀಗೆ ಸರಸು ಅನ್ರಿ. ನಿಮ್ಮ ಮಾತು ಕೇಳ್ತಾಳ."

"ಕೇಳಲ್ಲ ಸಾರ್," ಎಂದರು ಜಲಜಾ. ಧ್ವನಿಯಲ್ಲಿ ಬೇಸರ ಇರಲಿಲ್ಲ.

ಅವಳು ಬಗ್ಗುತ್ತಿದ್ದಳು, ಸರಳು ಇಳಿಸುತ್ತಿದ್ದಳು, ಬರೆಯುತ್ತಿದ್ದಳು. ಒಣಗಿ ಕಡ್ಡಿಯಂತಾಗಿದ್ದ ಗಿಡವೊಂದರ ಮುಂದೆ ಕೂತು ಉಗುರಿನಿಂದ ಕೆರೆದಳು. ತಲೆ ಆಡಿಸಿ ಏನೋ ಬರೆದಳು. ಮುಂದಿನದನ್ನೂ ಕೆರೆದಳು, ತಲೆ ಅಡ್ಡ ಆಡಿಸಿದಳು. ದೂರದಿಂದ ಜಲಜಾಗೆ ಏನೂ ಕೇಳಿಸುತ್ತಿರಲಿಲ್ಲ, ಆದರೆ ಒಂದೊಂದು ಗಿಡದ ತೀರ್ಪೂ ಗೊತ್ತಾಗುತ್ತಿತ್ತು.

ಗೇಟಿನ ಹತ್ತಿರದ ಪಟ್ಟಿಗೆ ಬಂದಾಗ ಮೌನ ಸರಳನ್ನು ನೆಲಕ್ಕೆ ಒರಗಿಸಿ ಮಣ್ಣಿಗೆ ಬೆರಳು ತೂರಿಸಿದಳು, ಒಳಗೆ ಒದ್ದೆ. ಎದ್ದು ನೇರ ಇವರತ್ತ ಬಂದಳು.

"ಸರ್, ಅಲ್ಲಿ ತಣ್ಣಿ ಹಾಕಿದ್ದೀರಾ?"

ರಾಘವೇಂದ್ರ ಜಲಜಾ ಅವರನ್ನು ನೋಡಿದರು, ನೆಲ ನೋಡಿದರು. "ಹಾಕಿಸೀನಿ. ಟ್ಯಾಂಕರ್‌ನಾಗ. ಬಂದವರ ಕಣ್ಣಿಗೆ ಮೊದಲ ಬೀಳೂದು ಅದ ಅಲ್ರೀ, ಒಣಗಿ ನಿಂತಿದ್ದು ನೋಡಾಕ ಆಗ್ಲಿಲ್ಲ."

"ಅಪ್ಪಡಿಯಾ. ಸೆರಿ ಸರ್, ಆ ಪಟ್ಟಿ ಪೂರ್ತಿ ಬಿಟ್ಟುಬಿಡ್ತೀನಿ." ಜಲಜಾ ಕಡೆ ತಿರುಗಿ, ಸ್ವಲ್ಪ ಅಳುಕಿನಿಂದಲೇ, "ಮೇಡಂ, ಅಲ್ಲಿ ತಂಗಡಿ ರೊಂಬ ಚೆನ್ನಾಗಿದೆ. ಆನಾಲ್..." ಎಂದು ನಿಲ್ಲಿಸಿದಳು.

"ನೀನು ಹೋಗಿ ಕೆಲಸ ನೋಡಮ್ಮ," ಎಂದರು ಜಲಜಾ.

ಅವಳು ಬೆನ್ನು ತಿರುಗಿಸಿ ಹೋಗುತ್ತಿದ್ದಂತೆ ರಾಘವೇಂದ್ರ ಕ್ಷಮೆ ಕೇಳುವವರಂತೆ ಇವರ ಕಡೆ ನೋಡಿದರು. ಜಲಜಾ ನಗುತ್ತಿದ್ದರು. ತಾವು ನೀರು ಕಾಣದ ದಿಬ್ಬದಲ್ಲಿ ಹುಲ್ಲು ಎಬ್ಬಿಸಿದ್ದು ದೊಡ್ಡದೇ. ಆದರೆ ಆ ಬಿಸಿಲಿನಲ್ಲಿ ಬಗ್ಗಿ ಬಗ್ಗಿ ನಡೆಯುತ್ತಿದ್ದ ಆ ಹುಡುಗಿ, ಗುರುವಿನ ಮುಖ ನೋಡಿ ಒಂದು ಹುಲ್ಲುಕಡ್ಡಿಯನ್ನೂ ಹೆಚ್ಚು ಬರೆದುಕೊಳ್ಳದ ಆ ಹುಡುಗಿ, ಅದಕ್ಕಿಂತ ದೊಡ್ಡದು ಎಂದು ಅವರಿಗೆ ಅನ್ನಿಸಿತ್ತು. "ನೋಡಿದ್ರಾ ಸಾರ್ ಅವಳನ್ನ? ನೋಡಿದ್ರಾ?" ಎಂದು ಅವರನ್ನೇ ಕೇಳಿದರು. ಪಾಪ, ರಾಘವೇಂದ್ರರಿಗೆ ಏನು ನೋಡಬೇಕೆಂದು ಗೊತ್ತಾಗಲಿಲ್ಲ.

ಮೌನ ಗುಡ್ಡವನ್ನೂ ಹೊಸದಾಗಿ ಅಳೆದಳು, ಹಳೆಯ ಅಂಕಿಯನ್ನು ನಂಬಲಿಲ್ಲ. ಜೂನ್ ಕೊನೆಗೆ ವರದಿ ಬಂತು. ಗುಡ್ಡದಲ್ಲಿ ಈ ಸಲವೂ ಅರವತ್ತನಾಲ್ಕರ ಆಸುಪಾಸು. ಕ್ವಾರಿಯಲ್ಲಿ ಬೇಕಾಗಿದ್ದದ್ದು ಮೂವತ್ತೆರಡು, ಬಂದದ್ದು ಮೂವತ್ತೆಂಟು. ರಾಘವೇಂದ್ರ ಫೋನಿನಲ್ಲೇ ಖುಷಿಗೆ ಕೂಗಾಡಿದರು. ಹಳ್ಳಿಯ ಹೆಂಗಸರಿಗೆಲ್ಲ ಕ್ವಾರಿಯಲ್ಲೇ ಊಟ ಹಾಕಿಸಿದರು. ಊಟದ ನಡುವೆ ಎದ್ದು ನಿಂತು, ತಮಗೆ ಬರುವಷ್ಟು ತಮಿಳಿನಲ್ಲಿ, ಈ ಕಲ್ಲಿನ ಮೇಲೆ ಹುಲ್ಲು ಬೆಳೆಸಿದವರು ನೀವು ಎಂದು ಹೇಳಲು ಹೊರಟವರು ಅರ್ಧಕ್ಕೇ ಬಿಟ್ಟು ಸಾರಿನ ಸೌಟು ಹಿಡಿದು ತಾವೇ ಬಡಿಸತೊಡಗಿದರು. ಹೆಂಗಸರು ಚಪ್ಪಾಳೆ ತಟ್ಟಿದರು.

ವರದಿ ಸೇರಬೇಕಾದ ಕಡೆ ಸೇರಿದ ಮೇಲೆ, ಒಂದು ಭಾನುವಾರ ಮೌನ ತಾಂಬರಂಗೆ ಬಂದಳು. ಬಾಗಿಲಲ್ಲೇ, "ಈಗ ಊಟ ಹಾಕಿ ಮೇಡಂ, ಅವತ್ತಿನ ಸಿಹಿನೂ ಸೇರಿಸಿ," ಎಂದಳು. ಮನೆಗೆ ಬಂದಿದ್ದ ಶ್ರೀಯಾ ನಕ್ಕು ತಟ್ಟೆ ಹಾಕಿದಳು. ಉಂಡು ಕೈತೊಳೆದ ಮೇಲೆ ಮೌನ ಫೋನ್ ತೆಗೆದು ಒಂದು ಫೋಟೋ ತೋರಿಸಿದಳು. ಮೂರನೆಯ ಕಲ್ಲುಸಾಲಿನ ಬೆನ್ನಿಗೆ, ಬಿಸಿಲಿಗೆ ಎಲೆ ಮುರುಟಿಕೊಂಡು ನಿಂತ ಗೇಣುದ್ದದ ಒಂದು ಸಸಿ. ಜೋಡಿ ಮುಳ್ಳು, ದಪ್ಪ ಎಲೆ.

"ಕಳಾಕ್ಕಾಯ್ ತಾನೇ ಮೇಡಂ ಇದು? ನೀವು ನೆಟ್ಟಿದ್ದಾ?"

ಜಲಜಾ ಕನ್ನಡಕ ಹಾಕಿಕೊಂಡು ನೋಡಿದರು. ಕವಳೆ. ಉಪ್ಪಿನಕಾಯಿಗೆ ಹಾಕುವ ಕವಳೆ. ಅವರು ಬಿತ್ತಿದ ಬೀಜಗಳಲ್ಲಿ ಅದು ಇರಲೇ ಇಲ್ಲ. ಅದರ ಬೀಜ ಒಣಗಿಸಿ ಇಟ್ಟರೆ ಸಾಯುತ್ತದೆ. ಗುಡ್ಡದ ಮೇಲೆ ಹಣ್ಣು ತಿಂದ ಯಾವುದೋ ಹಕ್ಕಿ ಇಲ್ಲಿ ಬಂದು ಕೂತಿರಬೇಕು. ಕೂರಲು ಅದಕ್ಕೊಂದು ಕೊಂಬೆ ಸಿಕ್ಕಿರಬೇಕು.

"ನಾನಲ್ಲ ಕಣೆ," ಎಂದರು. ಇಷ್ಟು ದಿನ 'ಕಣಮ್ಮ' ಎನ್ನುತ್ತಿದ್ದವರು ಮೌನಳನ್ನು ಮಗಳಂತೆ 'ಕಣೆ' ಎಂದದ್ದು ಅದೇ ಮೊದಲು. "ಇದನ್ನ ಯಾರೂ ನೆಟ್ಟಿಲ್ಲ."

ಸುರೇಶ್ ಫೋನ್ ಇಸಿದುಕೊಂಡು ನೋಡಿದರು. ಆಮೇಲೆ ಶ್ರೀಯಾ ಇಸಿದುಕೊಂಡಳು, ಬೆರಳಿನಿಂದ ದೊಡ್ಡದು ಮಾಡಿ ನೋಡುತ್ತ, "ಅಮ್ಮಾ, ಇದರ ಹೆಸರು ಏನಂದೆ?" ಎಂದು ಕನ್ನಡದಲ್ಲೇ ಕೇಳಿದಳು. ಜಲಜಾ ಮೂರು ಹೆಸರನ್ನೂ ಹೇಳಿದರು. ಈಗ ಅವರು ಇನ್ನೊಂದು ಕ್ವಾರಿಯ ಕೆಲಸ ಹಿಡಿದಿದ್ದಾರೆ. ಅದು ಇದಕ್ಕಿಂತ ಕಡಿದಾದ ಇಳಿಜಾರು, ಮಣ್ಣೂ ಕಡಿಮೆ. ಅದನ್ನು ಅಳೆಯಲು ಮುಂದೆ ಮೌನಳೇ ಬರಬೇಕೆಂದು ಅವರು ಮೊದಲೇ ಹೇಳಿಟ್ಟಿದ್ದಾರೆ.